ಸಾಲಿನ ಕೊನೆಯವನು

ಜುವೈನಾ ಬಿಂತ್ ಸೈಫ್ ಇಪ್ಪತ್ತಾರು ವರ್ಷ ಮತ್ರಾ ಬಂದರಿನಲ್ಲಿ ಪ್ರಯಾಣಿಕರ ಪೆಟ್ಟಿಗೆ ತಪಾಸಣೆ ಮಾಡಿದವರು. ಕೇಳದಿದ್ದರೂ ವಿವರಣೆ ಕೊಡುವವರನ್ನು ಕಂಡರೆ ಅವರ ಹುಬ್ಬು ತಾನಾಗಿ ಮೇಲೇರುತ್ತಿತ್ತು. ನಿವೃತ್ತಿಯ ನಂತರ ಸಕ್ಕರೆ ಕಾಯಿಲೆಗೆಂದು ಗುಡ್ಡ ಹತ್ತತೊಡಗಿ, ಎರಡೇ ವರ್ಷದಲ್ಲಿ ನಮ್ಮ ಗುಂಪಿನ ಮುಂದಾಳಾದರು. ವಾರಕ್ಕೆರಡು ಸಂಜೆ, ಮಗ್ರಿಬ್ ನಮಾಜು ಮುಗಿಸಿ ರಿಯಾಮ್ ಪಾರ್ಕಿನಿಂದ ಹೊರಟು, ಕಲ್ಲುಗುಡ್ಡ ದಾಟಿ ಮತ್ರಾಕ್ಕೆ ಇಳಿಯುತ್ತಿದ್ದೆವು. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೂ ಬಂಡೆಯ ಮೇಲೆ ಕೂತರೆ ಬಿಸಿ ಬಟ್ಟೆ ದಾಟಿ ಬರುತ್ತದೆ.

ರಂಜಾನ್ ಕಳೆದ ಮೇಲೆ ನಬ್ಹಾನ್ ಎಂಬವನು ಸೇರಿದ. ನಲವತ್ತರ ಆಸುಪಾಸು, ತೆಳ್ಳನೆಯ ಮೈ.

"ಏನು ಕೆಲಸ ಮಾಡ್ತೀಯಪ್ಪಾ?" ಎಂದು ಜುವೈನಾ ಕೇಳಿದರು.

"ವ್ಯಾಪಾರ ಚಿಕ್ಕಮ್ಮ. ಅದೂ ಇದೂ... ಹೇಳ್ಕೊಳ್ಳೋ ಅಂಥದ್ದೇನಲ್ಲ."

ಹುಬ್ಬು ಮೇಲೇರಿತು.

ಮುಂದೆ ಹೋಗೆಂದರೂ ಅವನು ಸಾಲಿನ ಕೊನೆಯಲ್ಲೇ ನಡೆಯುತ್ತಿದ್ದ. ಟಾರ್ಚನ್ನು ತನ್ನ ಕಾಲ ಬುಡಕ್ಕೆ ಹಿಡಿಯುತ್ತಿರಲಿಲ್ಲ, ಮುಂದಿನವರ ಹಿಮ್ಮಡಿಗೆ ಹಿಡಿಯುತ್ತಿದ್ದ. ಮೂರನೆಯ ವಾರ ರಶ್ದಾ ಎಂಬ ಟೀಚರ್ ಹುಡುಗಿ ಮುಖ ಸಿಂಡರಿಸಿಕೊಂಡು ಬಂದಳು.

"ಆ ಮನುಷ್ಯ ನನ್ನ ಚೀಲಕ್ಕೆ ಕೈ ಹಾಕ್ದ ಚಿಕ್ಕಮ್ಮ. ಒಂದಲ್ಲ, ಎರಡು ಸಲ. ಕೇಳಿದ್ರೆ ಎಡವಿದೆ ಅಂತಾನೆ."

"ಇನ್ಮೇಲೆ ಬರಬೇಡ ಅಂತ ಹೇಳಿಬಿಡೋಣ" ಎಂದೆ ನಾನು.

"ಹೇಳಿದ್ರೆ ಇನ್ನೊಂದು ಗುಂಪಿಗೆ ಹೋಗ್ತಾನೆ, ಅಷ್ಟೇ" ಎಂದರು ಜುವೈನಾ. "ವ್ಯಾಪಾರವಂತೆ! ಪಾರ್ಕಿನ ಹಿಂದೆ ನೀರಿನ ಟ್ಯಾಂಕರ್‌ನಿಂದ ಇಳಿಯೋದನ್ನ ನಾನೇ ನೋಡಿದೀನಿ. ಸುಳ್ಳು ಯಾಕೆ ಹೇಳಿದ?"

ಮುಂದಿನ ನಡಿಗೆಗೆ ಅವರು ತಮ್ಮ ಚೀಲದ ಜಿಪ್ ತೆರೆದು, ಪರ್ಸು ಕಾಣುವಂತಿಟ್ಟು, ಬೇಕೆಂದೇ ನಬ್ಹಾನನ ಮುಂದೆ ನಡೆದರು. ಅವರ ಮುಂದೆ ನಾನು. ಒಣ ಹಳ್ಳದ ಮೇಲಿನ ತಿರುವಿನಲ್ಲಿ "ಸಿಕ್ಕಿದ್ಯಾ!" ಎಂಬ ಕೂಗು ಕೇಳಿ ತಿರುಗಿದೆ. ಜುವೈನಾ ಅವನ ಮಣಿಕಟ್ಟು ಹಿಡಿದಿದ್ದರು.

ಆದರೆ ಅವನ ಕೈಯಲ್ಲಿದ್ದದ್ದು ಚೀಲದ ಪಟ್ಟಿ. ಪರ್ಸು ಇದ್ದಲ್ಲೇ ಇತ್ತು. ಅವನ ಕಾಲು ಮುಂದಿನ ಕಲ್ಲನ್ನು ತಡಕುತ್ತಿತ್ತು. ಜುವೈನಾ ತಮ್ಮ ಟಾರ್ಚನ್ನೂ ಅವನದನ್ನೂ ಆರಿಸಿ, ನನ್ನದನ್ನೂ ಆರಿಸಲು ಸನ್ನೆ ಮಾಡಿದರು. ಬಂದರಿನ ದೀಪಗಳ ಬೆಳಕಿನಲ್ಲಿ ನನಗೂ ಜುವೈನಾರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಅವರು ಸದ್ದಿಲ್ಲದೆ ತಮ್ಮ ಚೀಲದಿಂದ ಖರ್ಜೂರದ ಡಬ್ಬಿ ತೆಗೆದು ಅವನ ಮೂಗಿನ ಮುಂದೆ ಹಿಡಿದರು.

"ಏನು ಹಿಡ್ಕೊಂಡಿದೀನಿ, ಹೇಳು."

ಅವನು ಅವರ ಕಿವಿಯ ಪಕ್ಕ ಎಲ್ಲೋ ನೋಡಿದ.

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆಯ್ತು. ಹಗಲು ಚೆನ್ನಾಗೇ ಕಾಣುತ್ತೆ ಚಿಕ್ಕಮ್ಮ. ಕತ್ತಲಾದ್ರೆ ಸುತ್ತ ಎಲ್ಲಾ ಮುಚ್ಕೊಂಡು ಬರುತ್ತೆ. ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು."

"ಮತ್ತೆ ಈ ಕಲ್ಲುದಾರಿಗೆ ಯಾಕಪ್ಪಾ ಬರ್ತೀಯ?"

"ಪರೀಕ್ಷೆಗೆ. ಇಲ್ಲಿ ಬೀಳದೆ ದಾಟಿದ್ರೆ, ಆವತ್ತು ರಾತ್ರಿ ಟ್ಯಾಂಕರ್ ಓಡಿಸಬಹುದು ಅಂತ."

"ಬಿದ್ದ ದಿನ?"

"ಆವತ್ತೂ ಓಡಿಸ್ದೆ" ಎಂದ.

ಜುವೈನಾ ಕೈ ಚಾಚಿದರು.

"ಕೀಲಿ ಕೊಡು."

"ಮಕ್ಕಳಿದಾರೆ ಚಿಕ್ಕಮ್ಮ..."

"ರಸ್ತೇಲಿ ಹೋಗೋರಿಗೂ ಇದಾರೆ. ಕೊಡು."

ಕೊಟ್ಟ. ಜುವೈನಾ ಅವನ ಕೈಯನ್ನು ತಮ್ಮ ಭುಜದ ಮೇಲಿಟ್ಟುಕೊಂಡು, ಪ್ರತಿ ಕಲ್ಲನ್ನೂ ಹೇಳುತ್ತಾ ಕೆಳಗಿಳಿಸಿದರು. ಅಲ್ಲೇ ನಿಂತು ಟ್ಯಾಂಕರಿನ ಮಾಲೀಕನಿಗೆ ಅವನಿಂದಲೇ ಫೋನು ಮಾಡಿಸಿದರು. ಮರುದಿನ ಕಣ್ಣಿನ ಆಸ್ಪತ್ರೆಗೂ ಜೊತೆಗೆ ಹೋದರು. ಹೋದ ದೃಷ್ಟಿ ಮರಳುವುದಿಲ್ಲ ಎಂದರು ವೈದ್ಯರು. ಮಾಲೀಕ ಬೈದರೂ, ಟ್ಯಾಂಕರುಗಳಿಗೆ ನೀರು ತುಂಬಿಸುವ ಕಟ್ಟೆಯಲ್ಲಿ ಹಗಲಿನ ಕೆಲಸ ಕೊಟ್ಟ. ಸಂಬಳ ಕಡಿಮೆ. ಒಂದು ತಿಂಗಳು ನಬ್ಹಾನ್ ಜುವೈನಾರ ಫೋನು ಎತ್ತಲಿಲ್ಲ. ರಶ್ದಾ ಮಾತ್ರ, ಕಳ್ಳ ಅಂದುಕೊಂಡೆನಲ್ಲ ಎಂದು ಕೊರಗುತ್ತಿದ್ದಳು.

"ಅನುಮಾನ ಪಟ್ಟಿದ್ದಕ್ಕೇ ಸಿಕ್ಕಿದ್ದು, ಸುಮ್ನಿರು" ಎಂದರು ಜುವೈನಾ. ಆದರೂ ಕೆಲವು ಸಂಜೆ ಸುತ್ತು ಬಳಸಿ ಆ ಕಟ್ಟೆಯ ಮುಂದೆಯೇ ಮನೆಗೆ ಹೋಗುತ್ತಿದ್ದರು.

ಬಕ್ರೀದಿನ ಸಂಜೆ ನಬ್ಹಾನನ ಹೆಂಡತಿ ಶಂಸಾ ಹಲ್ವಾ ತಂದು ಜುವೈನಾರ ಮನೆ ಬಾಗಿಲು ತಟ್ಟಿದಳು. ಅವರು ತಟ್ಟೆ ತೆಗೆದುಕೊಳ್ಳುವ ಮೊದಲೇ ಬೀದಿಯತ್ತ ಇಣುಕಿದರು.

"ಕಾರು ಯಾರು ಓಡಿಸ್ಕೊಂಡು ಬಂದ್ರು?"

"ನಾನೇ ಚಿಕ್ಕಮ್ಮ. ಲೈಸೆನ್ಸ್ ತಗೊಂಡೆ. ಅವರು ಪಕ್ಕದ ಸೀಟಲ್ಲಿ ಕೂತಿದಾರೆ, ಮೇಲೆ ಬರೋಕೆ ನಾಚಿಕೆಯಂತೆ. ನಂಬಿಕೆ ಇಲ್ದಿದ್ರೆ ಬಂದು ನೋಡಿ."

ಜುವೈನಾ ಚಪ್ಪಲಿ ಮೆಟ್ಟಿ, ನೋಡಲು ಕೆಳಗಿಳಿದೇ ಬಿಟ್ಟರು.