ನಕಾಶೆಗೆ ಏರಿದ ಹೆಸರು

ವಿಜಯಾಬಾಯಿಯವರಿಗೆ ನಕಾಶೆಯ ಹುಚ್ಚು ಹಿಡಿದದ್ದು ನಿವೃತ್ತಿ ಹತ್ತಿರ ಬಂದ ಮೇಲೆ. ಅಲ್ಲಿಯವರೆಗೆ ಅವರು ಕುರುಗೋಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ, ಹತ್ತರಲ್ಲಿ ಹನ್ನೊಂದನೆಯ ಶಿಕ್ಷಕಿ. ಬೆಳಿಗ್ಗೆ ಬಳ್ಳಾರಿಯ ಗಾಂಧಿನಗರದ ಮನೆಯಲ್ಲಿ ತುಳಸಿಗೆ ನೀರು ಹಾಕಿ, ಗಂಡ ಗೋಪಾಲಕೃಷ್ಣರಿಗೆ ಕಾಫಿ ಕೊಟ್ಟು, ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತುವುದು. ಸಂಜೆ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತ ಹಿಂತಿರುಗುವುದು. ತರಗತಿಯ ಗೋಡೆಗೆ ತೂಗುಹಾಕಿದ್ದ ಭಾರತದ ನಕಾಶೆ ಮಡಿಕೆಯ ಜಾಗದಲ್ಲಿ ಹರಿದು, ನರ್ಮದಾ ನದಿ ಅರ್ಧ ದಾರಿಯಲ್ಲೇ ಮಾಯವಾಗಿತ್ತು. ಮಕ್ಕಳು ಆ ತೂತನ್ನೇ ಕೋಲಿನಿಂದ ತೋರಿಸಿ ‘ನರ್ಮದಾ’ ಅನ್ನುತ್ತಿದ್ದರು, ಇವರು ತಲೆಯಾಡಿಸುತ್ತಿದ್ದರು. ಅದರಿಂದ ಯಾರಿಗೂ ಏನೂ ನಷ್ಟವಿರಲಿಲ್ಲ.

ಆಮೇಲೆ ಶಾಲೆಗೆ ದೊಡ್ಡ ಪರದೆ ಬಂತು, ಒಂದು ಟ್ಯಾಬ್ ಬಂತು. ಬಳ್ಳಾರಿಯಲ್ಲಿ ತರಬೇತಿಯೂ ಆಯಿತು. ಹರೆಯದ ಶಿಕ್ಷಕರೆಲ್ಲ ಹಿಂದಿನ ಸಾಲಿನಲ್ಲಿ ಕೂತು ಫೋನು ನೋಡಿಕೊಳ್ಳುತ್ತಿದ್ದಾಗ, ವಿಜಯಾಬಾಯಿಯವರೊಬ್ಬರೇ ಕನ್ನಡಕ ಏರಿಸಿಕೊಂಡು ಬಾಯಿ ತೆರೆದು ನೋಡಿದರು. ಬೆರಳಿನಿಂದ ಎಳೆದರೆ ಭೂಮಿ ತಿರುಗುತ್ತದೆ! ಹಿಗ್ಗಿಸಿದರೆ ಮನೆಯ ಮಾಳಿಗೆ ಕಾಣುತ್ತದೆ! ಇಷ್ಟು ವರ್ಷ ಮಕ್ಕಳಿಗೆ ತೂತು ತೋರಿಸಿದೆನಲ್ಲ ಎಂದು ಅವರಿಗೆ ನಿಜಕ್ಕೂ ಬೇಸರವಾಯಿತು.

ಮರುದಿನದಿಂದ ಒಂಬತ್ತನೇ ತರಗತಿಯ ಕಳೆಯೇ ಬೇರೆ. ತುಂಗಭದ್ರೆಯ ಕಾಲುವೆಯನ್ನು ಮಕ್ಕಳು ಅಣೆಕಟ್ಟಿನಿಂದ ಹಿಡಿದು ತಮ್ಮ ಊರಿನವರೆಗೆ ಬೆರಳಲ್ಲಿ ಹಿಂಬಾಲಿಸಿಕೊಂಡು ಬಂದರು. ಸಿರುಗುಪ್ಪದ ಕಡೆ ಭತ್ತ ಯಾಕೆ, ಇತ್ತ ಗುಡ್ಡದ ಬುಡದಲ್ಲಿ ಬರಿಯ ಬಂಡೆ ಯಾಕೆ ಎಂಬುದು ಪುಸ್ತಕ ತೆರೆಯದೆಯೇ ತಿಳಿಯಿತು. ಹಿಂದಿನ ಬೆಂಚಿನ ಕರಿಬಸವನಂತೂ ‘ನೋಡಲೇ, ನಮ್ಮ ಮೆಣಸಿನಕಾಯಿ ಹೊಲ’ ಎಂದು ಪರದೆಗೆ ಮುತ್ತು ಕೊಡುವುದೊಂದು ಬಾಕಿ. ಮುಖ್ಯ ಶಿಕ್ಷಕ ಉಚ್ಚಂಗೆಪ್ಪನವರು ಬಾಗಿಲಲ್ಲಿ ನಿಂತು ನೋಡಿ, ‘ಮೇಡಂ, ನೀವು ಇದನ್ನ ಸಿರುಗುಪ್ಪದ ಶಿಕ್ಷಕರ ಕಾರ್ಯಾಗಾರದಾಗ ತೋರಿಸ್ಲೇಬೇಕು ನೋಡ್ರಿ’ ಎಂದರು. ಅಂಥ ಮಾತು ಕೇಳಿ ಅಭ್ಯಾಸವಿಲ್ಲದ ಜೀವ. ವಿಜಯಾಬಾಯಿಯವರು ಉಬ್ಬಿಹೋದರು.

ಬರಿಯ ನೋಡುವುದನ್ನು ತೋರಿಸಿದರೆ ಏನು ಚಂದ? ಮೊಬೈಲಿನ ನಕಾಶೆಯಲ್ಲಿ ಬಿಟ್ಟುಹೋದ ಜಾಗಗಳನ್ನು ಯಾರು ಬೇಕಾದರೂ ಸೇರಿಸಬಹುದು, ನಾಲ್ಕು ಜನ ಹೌದೆಂದರೆ ಅದು ಲೋಕಕ್ಕೆಲ್ಲ ಕಾಣುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಕುರುಗೋಡಿನ ಓಣಿಗಳಲ್ಲಿ ಅರ್ಧಕ್ಕರ್ಧ ನಕಾಶೆಯಲ್ಲಿ ಹೆಸರಿಲ್ಲದೆ ಬಿದ್ದಿದ್ದವು. ‘ನಿಮ್ಮೂರು ನೀವೇ ಬರೀರಿ’ ಎಂದು ವಿಜಯಾಬಾಯಿಯವರು ಘೋಷಿಸಿದರು. ಟ್ಯಾಬಿನ ಮುಂದೆ ಅನುಷಾಳನ್ನು ಕೂರಿಸಿದರು. ಕನ್ನಡವನ್ನು ತಪ್ಪಿಲ್ಲದೆ ಸರಸರ ಒತ್ತುವುದರಲ್ಲಿ ಆ ಹುಡುಗಿಯನ್ನು ಮೀರಿಸುವವರು ಆ ಶಾಲೆಯಲ್ಲಿರಲಿಲ್ಲ, ಶಿಕ್ಷಕರೂ ಸೇರಿ.

ಮಕ್ಕಳು ಕೂಗುವುದು, ಅನುಷಾ ಒತ್ತುವುದು. ಬಸವಣ್ಣನ ಗುಡಿಯ ಹಿಂದಿನ ಓಣಿ, ಗಿರಣಿ, ಸಂತೆ ಬಯಲು. ಕಾಲುವೆ ದಾಟಿದ ಮೇಲಿನ ಕಡೆಯ ಓಣಿಗೆ ಬಂದಾಗ ಕರಿಬಸವ ಎದ್ದು ನಿಂತು ಒಂದು ಹೆಸರು ಕೂಗಿದ. ಊರವರೆಲ್ಲ ಆ ಓಣಿಗೆ ಅನ್ನುವ ಹೆಸರೇ ಅದು. ಅಲ್ಲಿಯವರ ಜಾತಿ ಹಿಡಿದು, ಅದಕ್ಕೆ ‘ಕೇರಿ’ ಅಂಟಿಸಿ ಕರೆಯುವ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕಾಗಿದೆ.

ತರಗತಿಯಲ್ಲಿ ಒಂದಿಬ್ಬರು ಕಿಸಕ್ಕೆಂದರು. ಅನುಷಾಳ ಬೆರಳು ನಿಂತಿತು.

‘ನಗೂದೇನೈತಿ ಅದ್ರಾಗ?’ ಎಂದು ವಿಜಯಾಬಾಯಿಯವರು ಗದರಿದರು. ‘ನಕಾಶಿ ಅಂದ್ರ ಇದ್ದದ್ದು ಇದ್ದಂಗ ಹೇಳೂದು. ಅನುಷಾ, ನಿಮ್ಮ ಓಣಿನ ಅಲ್ಲೇನವ್ವ ಅದು? ಹಂಗ ಅಂತಾರಲ್ಲ?’

‘ಹೌದ್ರಿ’ ಎಂದಳು ಅನುಷಾ. ಒತ್ತಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ. ‘ಶಾಣ್ಯಾ ಹುಡುಗಿ’ ಎಂದು ವಿಜಯಾಬಾಯಿಯವರು ಅವಳ ಬೆನ್ನು ತಟ್ಟಿದರು. ಆಮೇಲೆ ಇಡೀ ತರಗತಿಯನ್ನು ಮನೆಯ ಫೋನುಗಳಿಂದ ‘ಹೌದು’ ಒತ್ತಲು ಹಚ್ಚಿದರು.

ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ, ನಿಜ. ಅವರು ಹುಟ್ಟಿ ಬೆಳೆದ ಬೀದಿಗೂ ಜಾತಿಯದೇ ಹೆಸರಿತ್ತು. ಬ್ರಾಹ್ಮಣರ ಬೀದಿ ಎಂದು ಅವರ ತಂದೆ ಲಕೋಟೆಗಳ ಮೇಲೆ ದುಂಡಗೆ ಬರೆಯುತ್ತಿದ್ದರು. ಅದರಲ್ಲಿ ತಪ್ಪೇನಿದೆ ಎಂದೇ ಅವರ ಲೆಕ್ಕ. ಒಂದು ಹೆಸರು ಮನುಷ್ಯನನ್ನು ಹೆಗಲ ಮೇಲೆ ಕೂರಿಸುತ್ತದೆ, ಇನ್ನೊಂದು ಕುತ್ತಿಗೆ ಹಿಡಿದು ಬಗ್ಗಿಸುತ್ತದೆ ಎಂಬುದು ಹೆಗಲ ಮೇಲೆ ಕೂತವರಿಗೆ ಹೇಗೆ ತಿಳಿಯಬೇಕು? ಕೇಡಿಲ್ಲದ ಮನಸ್ಸಿಗೆ ಕಣ್ಣೂ ಇಲ್ಲದಿದ್ದರೆ ಅದನ್ನೇನು ಹೊಗಳುವುದು.

ಸಿರುಗುಪ್ಪದ ಕಾರ್ಯಾಗಾರಕ್ಕೆ ಅನುಷಾಳನ್ನೂ ಕರಿಬಸವನನ್ನೂ ಕರೆದುಕೊಂಡು ಹೋದರು. ಸಭಾಂಗಣದ ತುಂಬ ಶಿಕ್ಷಕರು. ಪರದೆಯ ಮೇಲೆ ಕುರುಗೋಡು ಮೂಡಿತು. ಮಕ್ಕಳು ಬರೆದ ಹೆಸರುಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಬಳ್ಳಾರಿಯಿಂದ ಬಂದಿದ್ದ ಅತಿಥಿಗಳು ಒಳ್ಳೆಯ ಮನುಷ್ಯರು, ಮಕ್ಕಳನ್ನು ಮಾತಾಡಿಸಬೇಕೆಂದು ಆಸೆಪಟ್ಟು, ‘ನಿನ್ನ ಮನಿ ಎಲ್ಲೈತಿ, ತೋರ್ಸು ಮಗಾ’ ಎಂದು ಅನುಷಾಳನ್ನು ಕೇಳಿದರು.

ಅನುಷಾಳ ಕೈ ಮೇಲೆದ್ದಿತು. ಕಾಲುವೆಯ ಆಚೆ ಆ ಹೆಸರು ಗೋಡೆಯಗಲ ದಪ್ಪ ಅಕ್ಷರದಲ್ಲಿ ನಿಂತಿತ್ತು. ಅದರ ಬೆಳಕು ಹುಡುಗಿಯ ಹಣೆಯ ಮೇಲೆ ಬಿದ್ದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಅದನ್ನು ಓದಿ, ‘ಓಹೋ, ನಕಾಶ್ಯಾಗೂ ಬಂದ್ಬಿಡ್ತಲ್ಲಪ್ಪ’ ಎಂದು ಪಕ್ಕದವರಿಗೆ ಹೇಳಿ ನಕ್ಕರು. ಸಣ್ಣ ದನಿಯೇ, ಆದರೆ ವೇದಿಕೆಗೆ ಕೇಳಿಸಿತು. ಅನುಷಾಳ ಕೈ ಆ ಹೆಸರನ್ನು ದಾಟಿ, ಕಾಲುವೆ ದಾಟಿ, ಬಸವಣ್ಣನ ಗುಡಿಯ ಬಳಿ ಬಂದು ನಿಂತಿತು.

‘ಇಲ್ಲಿ ಐತ್ರಿ. ಗುಡಿ ಹಿಂದ.’

ಎಲ್ಲರೂ ಚಪ್ಪಾಳೆ ತಟ್ಟಿದರು. ‘ಟೀಚರ್, ಆಕಿ ಮನಿ ಅಲ್ಲಲ್ರೀ ಅದು’ ಎಂದು ಕರಿಬಸವ ಪಿಸುಗುಟ್ಟಿದ. ವಿಜಯಾಬಾಯಿಯವರು ಅವನ ರಟ್ಟೆ ಹಿಡಿದು ಸುಮ್ಮನಾಗಿಸಿದರು. ಆಗ ಅವರಿಗೆ ಅರ್ಥವಾಯಿತು. ಇದ್ದದ್ದು ಇದ್ದಂಗ ಹೇಳಬೇಕೆಂದು ಪಾಠ ಮಾಡಿದವರ ಕಣ್ಣೆದುರಿಗೇ ಮಗು ತನ್ನ ಮನೆಯನ್ನು ಬಚ್ಚಿಟ್ಟು ಸುಳ್ಳು ಹೇಳಿತ್ತು. ಆ ಸುಳ್ಳು ಹೇಳಿಸಿದವರು ತಾವೇ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅತಿಥಿಗಳು ಶಾಲು ಹೊದಿಸಿದಾಗ ಅವರು ತಲೆ ತಗ್ಗಿಸಿಯೇ ನಿಂತಿದ್ದರು. ನೋಡಿದವರು ಎಂಥ ವಿನಯ ಎಂದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅನುಷಾ ಹಿಂದಿನ ಸೀಟಿಗೆ ಹೋಗಿ ಕೂತಳು. ‘ಇಲ್ಲಿ ಬಾರವ್ವ, ನನ್ನ ಬಾಜೂಕ’ ಎಂದು ಕರೆದರು. ‘ಬ್ಯಾಡ್ರಿ’ ಎಂದಳು.

ಅಲ್ಲಿಯೇ ಫೋನು ತೆಗೆದು ಆ ಹೆಸರನ್ನು ಅಳಿಸಲು ನೋಡಿದರು. ಯಾರಿಗೂ ಗೊತ್ತಾಗದಂತೆ ತೆಗೆದುಬಿಟ್ಟರೆ ಮುಗಿಯಿತಲ್ಲ ಎಂಬ ಆಸೆ. ಫೋನು ಒಪ್ಪಲಿಲ್ಲ: ಈ ಹೆಸರನ್ನು ಬಹಳ ಜನ ಹೌದೆಂದಿದ್ದಾರೆ, ತೆಗೆಯಲು ಇನ್ನಷ್ಟು ಜನ ಹೇಳಬೇಕು ಎಂದಿತು. ಮನೆಯಲ್ಲಿ ಗೋಪಾಲಕೃಷ್ಣರು ಎಲ್ಲ ಕೇಳಿ, ‘ಇದ್ದ ಹೆಸರೇ ಬರ್ದೀಯಲ್ಲ, ನೀನೇನು ಹೊಸದಾಗಿ ಇಟ್ಟೀ ಏನು? ಬಿಡು’ ಎಂದರು. ಎರಡು ದಿನದ ಹಿಂದೆ ತಾವೇ ಆಡಬಹುದಾಗಿದ್ದ ಮಾತು. ಗಂಡನ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಮುಳ್ಳಾಯಿತು.

ಮುಂದಿನ ವಾರ ತರಗತಿಯಲ್ಲಿ ಅವರು ಮತ್ತೆ ಜಾರಿಕೊಳ್ಳಲು ನೋಡಿದರು. ‘ಆ ಕಡೀ ಓಣಿದು ಏನೋ ತಾಂತ್ರಿಕ ದೋಷ ಐತಂತ. ಎಲ್ಲಾರೂ ನಿಮ್ಮ ಮನಿ ಫೋನಿನಾಗ ತೆಗೀರಿ ಅಂತ ಒತ್ರಿ. ಕಾರಣ ಕೇಳ್ತೈತಿ, ಇಂಥ ಜಾಗ ಇಲ್ಲ ಅಂತ ಐತಲ್ಲ, ಅದನ್ನ ಒತ್ತಿಬಿಡ್ರಿ’ ಎಂದರು. ಇದ್ದ ಕಾರಣಗಳಲ್ಲಿ ಅದೇ ಮೆತ್ತಗಿನದು, ಯಾರೂ ಪ್ರಶ್ನೆ ಕೇಳದಂಥದು ಎಂದು ಆರಿಸಿಕೊಂಡಿದ್ದರು.

ಅನುಷಾ ಎದ್ದು ನಿಂತಳು. ಸಿರುಗುಪ್ಪದಿಂದ ಬಂದ ಮೇಲೆ ಅವಳು ಬಾಯಿ ತೆರೆದದ್ದು ಅದೇ ಮೊದಲು.

‘ಜಾಗ ಇಲ್ಲ ಅಂತ ಹೆಂಗ್ ಒತ್ಲಿ ಟೀಚರ್? ನಾವ್ ಅದೀವಲ್ರೀ ಅಲ್ಲಿ.’

ವಿಜಯಾಬಾಯಿಯವರು ಟ್ಯಾಬ್ ಕೆಳಗಿಟ್ಟರು. ಹೆಸರು ಬರೆಸಿ ಅವಮಾನ ಮಾಡಿದ್ದಾಯಿತು, ಈಗ ಮನೆಮಂದಿಯನ್ನೆಲ್ಲ ಇಲ್ಲವೇ ಇಲ್ಲ ಅನ್ನಲು ಹೊರಟಿದ್ದರು, ಅದೂ ತಮ್ಮ ಮುಖ ಉಳಿಸಿಕೊಳ್ಳಲು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ‘ದೋಷ ಫೋನಿಂದಲ್ಲ, ನಂದು’ ಎಂದರು. ‘ಆ ಹೆಸರು ಅವಮಾನ ಮಾಡ್ತೈತಿ ಅಂತ ಒತ್ರಿ. ಅದನ್ನ ಬರಸ್ದಾಕಿ ನಾನು. ಅನುಷಾ ಕಡಿಂದ ಬರಸ್ದಾಕಿ ನಾನು. ಇನ್ನ ಮ್ಯಾಲೆ ಈ ಶಾಲ್ಯಾಗ ಯಾರೂ ಅದನ್ನ ಬಾಯಾಗ ತರಬ್ಯಾಡ್ರಿ.’ ಕರಿಬಸವ ತಲೆ ಕೆರೆದುಕೊಂಡು ಕೂತ. ಕೆಲವೇ ದಿನಗಳಲ್ಲಿ ನಕಾಶೆಯಿಂದ ಆ ಹೆಸರು ಹೋಯಿತು. ಕಾಲುವೆಯ ಆಚೆ ಹೆಸರಿಲ್ಲದ ಓಣಿ ಉಳಿಯಿತು.

ಆದರೆ ಅನುಷಾ ಟ್ಯಾಬ್ ಮುಟ್ಟಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಅವಳ ಮನೆಗೆ ಹೋಗಿ, ಹಿರಿಯರ ಮುಂದೆ ತಪ್ಪಾಯಿತು ಎನ್ನಬೇಕೆಂದು ವಿಜಯಾಬಾಯಿಯವರು ನಿಶ್ಚಯಿಸಿದರು. ಹೋಗಬೇಕೆಂದುಕೊಂಡ ದಿನ ಬೆಳಿಗ್ಗೆ ಬಸ್ಸಿನುದ್ದಕ್ಕೂ ಆ ಮಾತುಗಳನ್ನೇ ಹೊಂದಿಸಿಕೊಂಡರು. ಶಾಲೆ ಬಿಟ್ಟ ಮೇಲೆ ಕಾಲುವೆ ದಾಟಿದರು. ದಾಟಿದ ಮೇಲೆ ದಾರಿ ಮೂರಾಗಿ ಒಡೆಯಿತು. ಆಕಾಶದಿಂದ ಎಷ್ಟೋ ಸಲ ನೋಡಿದ ಜಾಗ, ನೆಲದ ಮೇಲೆ ನಿಂತರೆ ದಿಕ್ಕೇ ತಿಳಿಯಲಿಲ್ಲ. ಇಷ್ಟು ವರ್ಷ ಈ ಊರಿನಲ್ಲಿ ಸಂಬಳ ತಿಂದು, ಒಮ್ಮೆಯೂ ಇತ್ತ ಕಾಲಿಟ್ಟಿರಲಿಲ್ಲ.

ತಿರುವಿನ ಸೈಕಲ್ ಅಂಗಡಿಯಲ್ಲಿ ಗಾಳೆಪ್ಪನೆಂಬವನು ಪಂಕ್ಚರ್ ಹಾಕುತ್ತಿದ್ದ. ಅವನನ್ನು ಕೇಳಬೇಕು. ಏನೆಂದು ಕೇಳಬೇಕು? ಆ ಓಣಿಗೆ ಅವರಿಗೆ ಗೊತ್ತಿದ್ದುದು ಅದೊಂದೇ ಹೆಸರು. ‘ಅನುಷಾ ಅಂತ, ನಮ್ಮ ಶಾಲಿ ಹುಡುಗಿ. ಅವರ ಅಜ್ಜಿ ಗಿಡ್ಡಮ್ಮ ಅಂತ’ ಎಂದು ತಡವರಿಸಿದರು.

‘ಯಾವ ಗಿಡ್ಡಮ್ಮ್ರಿ?’ ಎಂದು ತಲೆಯೆತ್ತಿದ ಗಾಳೆಪ್ಪ, ಓಣಿಯ ಆ ಹೆಸರನ್ನೇ ಅಂದು, ‘ಅಲ್ಲೀ ಗಿಡ್ಡಮ್ಮನೇನ್ರಿ?’ ಎಂದ.

‘ಹೌದು’ ಎಂದರು ವಿಜಯಾಬಾಯಿಯವರು. ಹೊತ್ತು ಮುಳುಗುತ್ತ ಬಂದಿತ್ತು, ಬಸ್ಸಿನ ಚಿಂತೆಯಿತ್ತು, ಮಾತು ತಾನಾಗಿಯೇ ಬಂದುಬಿಟ್ಟಿತು. ಅವನು ಎಡಕ್ಕೆ ಕೈ ತೋರಿಸಿದ. ಇವರು ಎಡಕ್ಕೆ ತಿರುಗಿದರು. ನಾಲ್ಕು ಹೆಜ್ಜೆ ಹೋದ ಮೇಲೆ ತಾವು ಅಂದದ್ದು ತಮಗೇ ಕೇಳಿಸಿತು. ಅಲ್ಲಿಂದಲೇ ಹಿಂತಿರುಗಿ ಓಡಬೇಕೆನಿಸಿತು. ಆದರೆ ಕಟ್ಟೆಯ ಮೇಲೆ ಕೂತಿದ್ದ ಗಿಡ್ಡಮ್ಮ ಆಗಲೇ ನೋಡಿಬಿಟ್ಟಿದ್ದಳು.

‘ಬರ್ರಿ ಟೀಚರಮ್ಮ, ಬರ್ರಿ! ನಮ್ಮ ಓಣಿಗಿ ಸಾಲಿಯೋರು ಬಂದದ್ದ ಇಲ್ಲ. ಮನಿ ಹೆಂಗ ಸಿಕ್ತ್ರಿ ನಿಮಗ?’ ಎಂದು ಮುದುಕಿ ಸಂಭ್ರಮದಿಂದ ಕುರ್ಚಿ ಎಳೆದಳು.

‘ಕೇಳ್ಕೋತ ಬಂದೆ.’

ಅನುಷಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿದಳು. ‘ಏನಂತ ಕೇಳಿದ್ರಿ?’

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ‘ಅಂಗಡಿಯಾತ ಆ ಹೆಸರು ಅಂದ. ನಾನು ಹೌದು ಅಂದೆ’ ಎಂದರು. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಹಳೆಯ ತಪ್ಪಿನವು. ಈಗಷ್ಟೇ ಮಾಡಿದ್ದಕ್ಕೆ ಅವರ ಬಳಿ ಒಂದು ಮಾತೂ ಇರಲಿಲ್ಲ. ನಾಚಿಕೆಯಿಂದ ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು: ‘ಈ ಓಣಿಗಿ ನೀವು ಏನಂತೀರವ್ವ?’

ಅನುಷಾ ಮೊರದಲ್ಲಿನ ಕಲ್ಲೊಂದನ್ನು ಹೆಕ್ಕಿ ಎಸೆದಳು.

‘ಹೇಳಂಗಿಲ್ರಿ’ ಎಂದಳು. ‘ಹೇಳಿದ್ರ ಮತ್ತ ನಕಾಶ್ಯಾಗ ಬರಸ್ತೀರಿ.’

‘ಏಯ್, ಟೀಚರಮ್ಮಗ ಹಂಗಂತಾರೇನ?’ ಎಂದು ಗಿಡ್ಡಮ್ಮ ಮೊಮ್ಮಗಳನ್ನು ಗದರಿದಳು.