ಟಾರ್ಚಮ್ಮನ ಸೂಪರ್‌ವೈಸರ್

ಆ ಸಾಲುಮನೆಗಳ ಮೂರನೆಯ ಬಾಗಿಲಿನ ಹೆಂಗಸನ್ನು ಟಾರ್ಚಮ್ಮ ಎಂದಲ್ಲದೆ ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಹೆಸರಿಟ್ಟವರು ಹಾಸ್ಟೆಲಿನ ಹುಡುಗಿಯರು. ನಾಲ್ಕು ಮಹಡಿಯ ಆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವಳು ಇಪ್ಪತ್ತೆರಡು ವರ್ಷ ಟಾರ್ಚು ಹಿಡಿದು ರಾತ್ರಿ ಕಾವಲಿಗಿದ್ದಳು. ಊರೆಲ್ಲ ಮಲಗಿದ ಮೇಲೆ ಅವಳ ದಿನ ಶುರು, ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಅವಳಿಗೆ ರಾತ್ರಿ.

ಕೆಲಸ ಕೇಳುವುದಕ್ಕೆ ಸುಲಭ. ಹತ್ತರಿಂದ ಐದರವರೆಗೆ ಗಂಟೆಗೊಂದು ಸುತ್ತು. ಪ್ರತಿ ಮಹಡಿಯ ಕೊನೆಯಲ್ಲಿ ಮೊಳೆಗೆ ಒಂದು ಕಾರ್ಡು ನೇತುಹಾಕಿರುತ್ತಿತ್ತು, ಅದರಲ್ಲಿ ಹೊತ್ತು ಬರೆದು ಸಹಿ ಹಾಕಬೇಕು. ಒಂದು ಸಹಿ ತಪ್ಪಿದರೂ ಬೆಳಗ್ಗೆ ವಾರ್ಡನ್ ಮುಂದೆ ನಿಂತು ಸಮಜಾಯಿಷಿ ಬರೆದುಕೊಡಬೇಕು. ಟಾರ್ಚಮ್ಮನ ಸಹಿ ತಪ್ಪಿದ್ದು ಒಂದೇ ಒಂದು ಸಲ, ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ಎರಡು ಗಂಟೆಗೆ ಸ್ಟೂಲಿನ ಮೇಲೆ ತೂಕಡಿಕೆ ಹತ್ತಿತ್ತು. ಅವಳು ಬರೆದ ಸಮಜಾಯಿಷಿಯನ್ನು ವಾರ್ಡನ್ ಕೆಂಪು ಶಾಯಿಯಲ್ಲಿ ತಿದ್ದಿ, ಶಾಲೆಯ ಮಗುವಿಗೆ ಕೊಟ್ಟ ಹಾಗೆ ವಾಪಸ್ ಕೊಟ್ಟಿದ್ದಳು. ಆ ಕೆಂಪು ಶಾಯಿಯನ್ನು ಟಾರ್ಚಮ್ಮ ಇವತ್ತಿಗೂ ಮರೆತಿಲ್ಲ. ಮತ್ತೆ ಯಾವತ್ತೂ ಅವಳು ಸಹಿ ತಪ್ಪಿಸಲಿಲ್ಲ.

ನಾಯಿ ಬಂದದ್ದು ಅದಾಗಿ ಎಂಟು ವರ್ಷಕ್ಕೆ. ಹಾಸ್ಟೆಲಿನ ಅಡುಗೆಮನೆಯ ಹಿಂಬಾಗಿಲಲ್ಲಿ ಸಿಕ್ಕಿದ ಕಂದು ಮರಿ, ಒಂದು ಕಿವಿ ಮಡಚಿಕೊಂಡೇ ಇತ್ತು. ಬಂದ ವಾರಕ್ಕೇ ಟಾರ್ಚಮ್ಮನ ಹಿಂದೆ ನಾಲ್ಕೂ ಮಹಡಿ ಹತ್ತಿ ಇಳಿಯಲು ಶುರುಮಾಡಿತು. ತಾನು ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ, ಹಿಂದೆ ಹಿಂದೆ ಬಂದು ಎಲ್ಲ ಬಾಗಿಲುಗಳನ್ನೂ ಮೂಸಿ ನೋಡುತ್ತದೆ ಎಂದು ಹುಡುಗಿಯರು ಅದಕ್ಕೆ ಸೂಪರ್‌ವೈಸರ್ ಎಂದು ಹೆಸರಿಟ್ಟರು. ಒಂದು ರಾತ್ರಿ ಗಂಟೆ ಹೊಡೆಯುವ ಹೊತ್ತಿಗೆ ಟಾರ್ಚಮ್ಮನ ಗದ್ದ ಎದೆಗೆ ಇಳಿದಿತ್ತು. ನಾಯಿ ಬೊಗಳಿ ಎಬ್ಬಿಸಿತು. ಅವಳು ಖುಷಿಯಿಂದ ಅರ್ಧ ಬಿಸ್ಕತ್ತು ಕೊಟ್ಟಳು. ಅವತ್ತಿನಿಂದ ಅದೇ ಕಾನೂನಾಯಿತು: ಹೊತ್ತಾದರೂ ಇವಳು ಏಳದಿದ್ದರೆ ಅದು ಬೊಗಳಬೇಕು, ಇವಳು ಬಿಸ್ಕತ್ತು ಕೊಡಬೇಕು. ನನ್ನ ಸೂಪರ್‌ವೈಸರ್ ಇರೋವರೆಗೂ ನನ್ನನ್ನು ಯಾವ ವಾರ್ಡನ್ನೂ ಅಲ್ಲಾಡಿಸೋಕಾಗಲ್ಲ ಎಂದು ಅವಳು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಹಾಸ್ಟೆಲಿಗೆ ಕ್ಯಾಮೆರಾ ಬಂತು, ಬೆರಳಿಟ್ಟರೆ ತೆರೆಯುವ ಗೇಟು ಬಂತು. ಹೊಸ ವಾರ್ಡನ್ ನಗುನಗುತ್ತಲೇ ಹೇಳಿದಳು, "ಇನ್ನು ಮನೇಲಿ ಆರಾಮಾಗಿ ರಾತ್ರಿ ಮಲ್ಕೊಳ್ಳಿ."

"ಕ್ಯಾಮೆರಾ ನೋಡುತ್ತೆ ಮೇಡಂ. ಎದ್ದು ಬಂದು ಬಾಗಿಲು ಹಾಕಲ್ಲ," ಎಂದು ಟಾರ್ಚಮ್ಮ ನಾಯಿಯನ್ನು ಕರೆದುಕೊಂಡು ಹೊರಬಿದ್ದಳು. ನಾಯಿಯ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲವಾದ್ದರಿಂದ ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಜೊತೆಗೆ ತಂಗಿಯ ಮಗಳು, ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸ. ಮೊದಲ ರಾತ್ರಿಯೇ ತೊಂದರೆ ಶುರುವಾಯಿತು. ಹತ್ತಕ್ಕೆ ಮಲಗಿದರೆ, ಸರಿಯಾಗಿ ಹನ್ನೊಂದಕ್ಕೆ ಸಿಮೆಂಟು ನೆಲದ ಮೇಲೆ ಉಗುರಿನ ಟಕಟಕ ಸದ್ದು, ಬಾಗಿಲ ಬಳಿ ಕುಂಯ್‌ಗುಟ್ಟುವಿಕೆ, ಆಮೇಲೆ ಸಾಲುಮನೆಗಳೆಲ್ಲ ಎದ್ದು ಕೂರುವಂಥ ಬೊಗಳಾಟ. ಗದರಿದರೆ ಸುಮ್ಮನಾಗುತ್ತಿತ್ತು, ಹನ್ನೆರಡಕ್ಕೆ ಮತ್ತೆ ಅದೇ ರಾಗ. ಹೀಗೆ ಬೆಳಗಿನವರೆಗೆ.

ಪಕ್ಕದ ಮನೆಯವನು ಬಸ್ ಡ್ರೈವರ್, ನಡುವೆ ಇರುವುದು ಒಂದೇ ಗೋಡೆ. ಕೆಟ್ಟವನಲ್ಲ. ಮೊದಲ ವಾರ ನಗುತ್ತ ಬಂದು ಹೇಳಿದ, ಎರಡನೆಯ ತಿಂಗಳು ಕೈಮುಗಿದು ಹೇಳಿದ, ಮೂರನೆಯ ತಿಂಗಳು ನಗುವೂ ಇಲ್ಲ, ಕೈಮುಗಿಯುವುದೂ ಇಲ್ಲ.

"ಅಮ್ಮಾ, ಬೆಳಗ್ಗೆ ಐದಕ್ಕೆ ಗಾಡಿ ತೆಗೀಬೇಕು. ನನ್ನ ಹಿಂದೆ ಐವತ್ತು ಜನ ಕೂತಿರ್ತಾರೆ. ಮೊನ್ನೆ ಸಿಗ್ನಲ್ ಹತ್ರ ಕಣ್ಣು ಮುಚ್ಚೇ ಹೋಯ್ತು."

ಯಾರು ಏನಂದರೂ ಎದುರಾಡುವ ಟಾರ್ಚಮ್ಮ ಅವತ್ತು ತಲೆತಗ್ಗಿಸಿ, "ನೋಡ್ತೀನಪ್ಪ," ಎಂದಳು.

ಮಹಡಿಯ ಮೇಲಿದ್ದ ಮನೆ ಮಾಲೀಕನಿಗೆ ಅಷ್ಟು ಸಂಕೋಚವಿರಲಿಲ್ಲ. "ಭಾನುವಾರ ಬೆಳಗ್ಗೆ ಹತ್ತಕ್ಕೆ ಗಾಡಿ ಬರುತ್ತೆ. ಊರಾಚೆ ಇಟ್ಟಿಗೆ ಭಟ್ಟಿಯವರು ಒಂದು ನಾಯಿ ಬೇಕು ಅಂದಿದ್ದಾರೆ. ನಾಯಿ ಹೋಗ್ಬೇಕು, ಇಲ್ಲಾಂದ್ರೆ ನೀವು ಮನೆ ಖಾಲಿ ಮಾಡ್ಬೇಕು."

"ಹಾಗಾದ್ರೆ ಗಾಡಿ ದೊಡ್ಡದೇ ತರ್ಸಿ. ಇಬ್ರೂ ಹತ್ತಿ ಕೂತ್ಕೋತೀವಿ."

ಬಾಯಲ್ಲಿ ಹಾಗೆಂದಳು, ಆದರೆ ಬೇರೆ ದಾರಿ ಕಾಣಲಿಲ್ಲ. ಮನೆ ಬಿಟ್ಟರೆ ಹುಡುಗಿಯ ಅಂಗಡಿ ದೂರವಾಗುತ್ತದೆ, ರಾತ್ರಿಯೆಲ್ಲ ಬೊಗಳುವ ನಾಯಿಗೆ ಬಾಡಿಗೆಗೆ ಮನೆ ಕೊಡುವ ಪುಣ್ಯಾತ್ಮ ಎಲ್ಲಿದ್ದಾನೆ? ನಾಯಿಯನ್ನು ಇಟ್ಟಿಗೆ ಭಟ್ಟಿಯ ಸರಪಳಿಗೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಮಾಡದ ಉಪಾಯವಿಲ್ಲ. ತಡವಾಗಿ ಊಟ ಹಾಕಿ ನೋಡಿದಳು. ಸಂಜೆ ತನ್ನ ಮಂಡಿ ಸೋಲುವವರೆಗೆ ನಡೆಸಿ ನೋಡಿದಳು. ಕಟ್ಟಿಹಾಕಿದ ರಾತ್ರಿ ಬೊಗಳುವುದರ ಜೊತೆಗೆ ಸರಪಳಿಯ ಸದ್ದೂ ಸೇರಿಕೊಂಡಿತು. ಕೊನೆಗೆ ಪಶುವೈದ್ಯನ ಬಳಿ ಹೋದಳು. ಅವನು ಕಿವಿ, ಹಲ್ಲು, ಕೀಲು ಎಲ್ಲ ನೋಡಿ, ಏನೂ ತೊಂದರೆಯಿಲ್ಲ ಎಂದ. "ವಯಸ್ಸಾದ ನಾಯಿಗಳಿಗೆ ಕೆಲವು ಸಲ ಬುದ್ಧಿ ಮಂಕಾಗುತ್ತೆ. ಗೋಡೆ ನೋಡ್ತಾ ನಿಲ್ಲೋದು, ದಾರಿ ತಪ್ಪೋದು, ಹಾಗೇನಾದ್ರೂ ಇದೆಯಾ?"

"ಎಳ್ಳಷ್ಟೂ ಇಲ್ಲ ಡಾಕ್ಟ್ರೇ. ಇದಕ್ಕಿರೋ ಬುದ್ಧಿ ನಮ್ಮ ಮನೆ ಮಾಲೀಕರಿಗಿಲ್ಲ."

ವೈದ್ಯ ಒಂದು ಮಾತ್ರೆ ಕೊಟ್ಟ, ಒಂದು ಮಾತೂ ಹೇಳಿದ: "ಬೊಗಳಿದ ಮೇಲೆ ಏನು ಮಾಡ್ಬೇಕು ಅಂತ ಎಲ್ಲರೂ ಕೇಳ್ತಾರೆ. ಬೊಗಳೋದಕ್ಕೆ ಮುಂಚೆ ಏನಾಗುತ್ತೆ ಅಂತ ಯಾರೂ ನೋಡಲ್ಲ. ಅದನ್ನ ನೋಡಿ."

ಮಾತ್ರೆ ತಿಂದ ನಾಯಿ ಒಂಬತ್ತಕ್ಕೇ ಮಲಗಿತು. ಹನ್ನೊಂದಕ್ಕೆ ಬೊಗಳಾಟ ಕೇಳಿ ಟಾರ್ಚಮ್ಮ ಎದ್ದು ನೋಡಿದಳು. ಅದು ಬಾಗಿಲ ಬಳಿ, ಕಾಲಿಗೆ ಕಾಲು ತೊಡರಿ, ಗೋಡೆಗೆ ಆತುಕೊಂಡು, ತೂರಾಡುತ್ತ ಬೊಗಳುತ್ತಿತ್ತು. ಅದನ್ನು ನೋಡಿ ಅವಳು ಅತ್ತುಬಿಟ್ಟಳು. ಉಳಿದ ಮಾತ್ರೆಗಳನ್ನು ಕಸದ ಡಬ್ಬಕ್ಕೆ ಎಸೆದಳು.

ಆದರೆ ವೈದ್ಯನ ಮಾತು ಉಳಿಯಿತು. ಬೊಗಳುವುದಕ್ಕೆ ಮುಂಚೆ ಏನಾಗುತ್ತದೆಂದು ಟಾರ್ಚಮ್ಮನಿಗೆ ಗೊತ್ತಿರಲಿಲ್ಲ, ಅವಳಿಗೆ ಎಚ್ಚರವಾಗುತ್ತಿದ್ದುದೇ ಬೊಗಳಿದ ಮೇಲೆ. ಹಾಗಾಗಿ ಶುಕ್ರವಾರ ರಾತ್ರಿ ತಂಗಿಯ ಮಗಳು ದೀಪ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಬೆಳಗ್ಗೆ ಅವಳ ಕಣ್ಣು ಕೆಂಪಾಗಿತ್ತು, ಮುಖ ಸಪ್ಪಗಿತ್ತು.

"ದೊಡ್ಡಮ್ಮ, ಮೊದ್ಲು ಏಳೋದು ಅದಲ್ಲ. ನೀನು."

"ಏನು ನಾನು?"

"ಹನ್ನೊಂದಕ್ಕೆ ಎರಡು ನಿಮಿಷ ಇರೋವಾಗ ನೀನು ಎದ್ದು ಕೂತೆ. ಕಣ್ಣು ಮುಚ್ಚೇ ಇತ್ತು. ಕಾಲಲ್ಲಿ ಚಪ್ಪಲಿ ಹುಡುಕ್ದೆ. ಅದು ಎದ್ದು ಹೋಗಿ ಬಾಗಿಲ ಹತ್ರ ನಿಂತ್ಕೊಳ್ತು. ನೀನು ಹಾಗೇ ಒರಗಿ ಮಲಗ್ದೆ. ಪಾಪ, ಅದು ಸ್ವಲ್ಪ ಹೊತ್ತು ಕಾಯ್ತು. ಆಮೇಲೆ ಬೊಗಳ್ತು."

"ಹನ್ನೆರಡಕ್ಕೆ?"

"ಹನ್ನೆರಡಕ್ಕೂ ಹಾಗೇ. ಒಂದಕ್ಕೂ ಹಾಗೇ."

"ನಿನಗೆಲ್ಲೋ ಕನಸು ಬಿದ್ದಿರ್ಬೇಕು. ನಾನೇನು ದೆವ್ವ ಮೆಟ್ಟಿದವಳಾ?"

ಹುಡುಗಿ ರಾತ್ರಿ ತೆಗೆದ ವಿಡಿಯೋ ಹಾಕಿ ಮೊಬೈಲು ಮುಂದೆ ಹಿಡಿದಳು. ಟಾರ್ಚಮ್ಮ ನೋಡಿದಳು. ಕೆದರಿದ ಕೂದಲಿನ ಒಬ್ಬಳು ಮುದುಕಿ ಹಾಸಿಗೆಯ ಮೇಲೆ ಕಣ್ಣುಮುಚ್ಚಿ ಕೂತಿದ್ದಾಳೆ. ಅವಳ ಬಲಗೈ ಮಂಡಿಯ ಮೇಲೆ ಏನೋ ಗೀಚುತ್ತಿದೆ. ಏನು ಗೀಚುತ್ತಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಅದು ಅವಳದೇ ಸಹಿ.

ಅವಳು ಮೊಬೈಲನ್ನು ಪಕ್ಕಕ್ಕೆ ಸರಿಸಿದಳು. ನಾಚಿಕೆಯಾಯಿತು. ದುಃಖವಾಯಿತು. ನಾಯಿಯನ್ನು ಗದರಿದ್ದು, ಕಟ್ಟಿಹಾಕಿದ್ದು, ಮಾತ್ರೆ ನುಂಗಿಸಿದ್ದು ಒಂದೊಂದಾಗಿ ನೆನಪಾಯಿತು. ತಾನೇ ಕಲಿಸಿದ ಕೆಲಸವನ್ನು ಅದು ನಿಯತ್ತಿನಿಂದ ಮಾಡುತ್ತಿತ್ತು. ಕೊನೆಗೆ, ಅವಳ ಸ್ವಭಾವಕ್ಕೆ ತಕ್ಕ ಹಾಗೆ, ಸಿಟ್ಟು ಬಂತು.

"ನಮ್ಮ ಅಂಗಡೀಲಿ ನಿದ್ದೆ ಮಾತ್ರೆ ಇದೆ ದೊಡ್ಡಮ್ಮ. ಡಾಕ್ಟ್ರ ಚೀಟಿ ಬೇಕು. ನಿನಗೇ ತಂದುಕೊಡ್ಲಾ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

"ನಿನ್ನ ಮಾತ್ರೆ ನಿನ್ನ ಹತ್ರಾನೇ ಇರ್ಲಿ. ಇಪ್ಪತ್ತೆರಡು ವರ್ಷ ನಿದ್ದೆ ಬಂದ್ರೆ ತಪ್ಪು ಅಂದ್ರು. ಈಗ ನಿದ್ದೆ ಬರದಿದ್ರೆ ತಪ್ಪು ಅಂತಾರೆ. ಅವರು ಹೇಳಿದಾಗ ಆರೋಕೆ, ಹೇಳಿದಾಗ ಉರಿಯೋಕೆ ನಾನೇನು ಬಲ್ಬಾ?"

ಶನಿವಾರ ಹಗಲೆಲ್ಲ ಅವಳು ಕಿಟಕಿಗೆ ಬಟ್ಟೆ ಕಟ್ಟಿ ಮಲಗಿದಳು. ಪಕ್ಕದಲ್ಲಿ ನಾಯಿಯೂ ಮಲಗಿತು. ನಾಲ್ಕು ತಿಂಗಳಲ್ಲಿ ಅಂಥ ನಿದ್ದೆ ಇಬ್ಬರಿಗೂ ಬಂದಿರಲಿಲ್ಲ. ರಾತ್ರಿ ಚಪ್ಪಲಿ ಮೆಟ್ಟಿ ಕುರ್ಚಿಯಲ್ಲಿ ಕೂತಳು. ಹನ್ನೊಂದಾಗುತ್ತಲೇ, ನಾಯಿ ಬಾಯಿ ತೆರೆಯುವ ಮುಂಚೆ, ಬಾಗಿಲು ತೆರೆದಳು.

ಆರು ಬಾಗಿಲುಗಳ ಉದ್ದಕ್ಕೂ ಹೋಗಿ, ಗೇಟು ಮುಟ್ಟಿ, ಹಿಂದಿನ ನೀರಿನ ತೊಟ್ಟಿಯನ್ನು ಬಳಸಿ ಬಂದರೆ ಒಂದು ಸುತ್ತು. ನಾಯಿ ಅವಳ ಹಿಂದೆ ಪ್ರತಿ ಬಾಗಿಲನ್ನೂ ಮೂಸುತ್ತ, ಗಂಭೀರವಾಗಿ ಬಂತು. ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಳಗೆ ಬಂದು ನೆಲಕ್ಕೆ ಬಿದ್ದುಕೊಂಡು ನೆಮ್ಮದಿಯ ಒಂದು ನಿಟ್ಟುಸಿರು ಬಿಟ್ಟಿತು. ಹನ್ನೆರಡಕ್ಕೂ ಅಷ್ಟೇ, ಒಂದಕ್ಕೂ ಅಷ್ಟೇ. ಎರಡರ ಸುತ್ತಿನಲ್ಲಿ ನೋಡಿದರೆ ಮಾಲೀಕನ ಮೆಟ್ಟಿಲ ಗ್ರಿಲ್ ತೆರೆದೇ ಬಿದ್ದಿತ್ತು. ನಾನೇನು ಇವನಪ್ಪನ ಮನೆ ಆಳಲ್ಲ ಎಂದುಕೊಂಡು ಮುಂದೆ ಹೋದಳು. ನಾಲ್ಕು ಹೆಜ್ಜೆ ಹೋದವಳು ಬೈದುಕೊಳ್ಳುತ್ತ ವಾಪಸ್ ಬಂದು ಚಿಲಕ ಹಾಕಿದಳು. ಐದರ ಸುತ್ತು ಮುಗಿಯುವ ಹೊತ್ತಿಗೆ ಆಕಾಶ ಬೆಳ್ಳಗಾಗುತ್ತಿತ್ತು. ಮಂಡಿ ನೋಯುತ್ತಿತ್ತು, ಆದರೆ ಅವಳಿಗೆ ಬಹಳ ಸಂತೋಷವಾಗಿತ್ತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಇನ್ನೂ ಹೊತ್ತಿರುವಾಗಲೇ ಬಾಗಿಲು ತಟ್ಟಿದ ಸದ್ದು. ಟಾರ್ಚಮ್ಮ ಬಾಗಿಲನ್ನು ಅರ್ಧ ತೆರೆದು ಅಡ್ಡ ನಿಂತಳು. ಡ್ರೈವರ್ ಟೀ ಲೋಟ ಹಿಡಿದು ನಿಂತಿದ್ದ, ರಜೆಯ ದಿನದ ಮುಖ ಅರಳಿತ್ತು. ಹಿಂದೆ ಮಾಲೀಕ.

"ಅಂತೂ ನಾಯೀನ ನಿನ್ನೇನೇ ಕಳಿಸ್ಬಿಟ್ರಾ ಅಮ್ಮಾ," ಎಂದ ಡ್ರೈವರ್. "ನಿಮಗೆ ಬೇಜಾರಾಗಿರುತ್ತೆ, ನನಗೆ ಗೊತ್ತು. ಆದ್ರೆ ನಾಲ್ಕು ತಿಂಗಳಲ್ಲಿ ನಿನ್ನೆ ರಾತ್ರಿ ಒಂದೇ ನಾನು ನಿದ್ದೆ ಅಂತ ಮಾಡಿದ್ದು."

"ನನಗೂ ಒಂದು ಸದ್ದು ಕೇಳಿಸ್ಲಿಲ್ಲ," ಎಂದ ಮಾಲೀಕ. "ಈ ಕೆಲಸ ಮೊದ್ಲೇ ಮಾಡಿದ್ರೆ ಇಷ್ಟು ಮಾತೇ ಬರ್ತಿರ್ಲಿಲ್ಲ. ಗಾಡಿಯವನಿಗೆ ಬರೋದು ಬೇಡ ಅಂದ್ಬಿಡ್ತೀನಿ."

"ಅಂದ್ಬಿಡಿ," ಎಂದಳು ಟಾರ್ಚಮ್ಮ.

ಮಾಲೀಕ ಅವಳ ಎದುರಿಗೇ ಫೋನು ಮಾಡಿ ಗಾಡಿ ಬೇಡವೆಂದ. ಫೋನು ಜೇಬಿಗೆ ಇಳಿಯುವವರೆಗೆ ಕಾದು ಅವಳು ಬಾಗಿಲನ್ನು ಪೂರ್ತಿ ತೆರೆದಳು. ಒಳಗೆ ಹಳೆಯ ಸೀರೆಯ ಮೇಲೆ ಸೂಪರ್‌ವೈಸರ್ ನಾಲ್ಕೂ ಕಾಲು ಮೇಲೆ ಮಾಡಿ, ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿತ್ತು.

ಡ್ರೈವರ್ ನಾಯಿಯನ್ನು ನೋಡಿದ, ಟಾರ್ಚಮ್ಮನನ್ನು ನೋಡಿದ. ಅವಳು ಅವನಿಗೆ ನಡೆದದ್ದನ್ನೆಲ್ಲ ಹೇಳಿದಳು, ಒಂದನ್ನೂ ಮುಚ್ಚಿಡದೆ. ತಪ್ಪು ನಾಯಿಯದಲ್ಲ, ತನ್ನದು ಎಂದೂ ಹೇಳಿದಳು. "ನಿನ್ನ ಸಿಗ್ನಲ್ ಮಾತು ನನಗೆ ಚುಚ್ತಾನೇ ಇತ್ತಪ್ಪ. ಇನ್ನು ನೀನು ನಿದ್ದೆ ಮಾಡು." ಅವನು ತಲೆಯಾಡಿಸಿದ.

ಮಾಲೀಕನ ಮುಖ ಮಾತ್ರ ಊದಿಕೊಂಡಿತ್ತು. "ಅಂದ್ರೆ ದಿನಾ ರಾತ್ರಿ ನಾಯಿ ಕಟ್ಕೊಂಡು ನನ್ನ ಅಂಗಳ ಸುತ್ತುತ್ತೀರಾ? ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ. ಅದಕ್ಕೇ ಸುತ್ತೋದು. ಹೇಳಿದವರ ಮಾತು ಸಾಕಷ್ಟು ಕೇಳಿ ಆಗಿದೆ."

"ಎಷ್ಟು ದಿನ ಅಂತ?"

"ಅದರ ಕಾಲೋ ನನ್ನ ಕಾಲೋ ಸೋಲೋ ತನಕ."

"ರೀ, ರಾತ್ರಿ ಹೊತ್ತು ಮನುಷ್ಯರು ಮಲಗ್ಬೇಕು," ಎಂದು ಮಾಲೀಕ ದನಿಯೇರಿಸಿದ. ಒಳಗೆ ನಾಯಿ ನಿದ್ದೆಯಲ್ಲೇ ಮುಲುಗಿತು.

ಟಾರ್ಚಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಸ್ವಲ್ಪ ಮೆಲ್ಲಗೆ ಮಾತಾಡಿ. ನಮಗೀಗ ರಾತ್ರಿ. ಗಲಾಟೆ ಮಾಡಿದ್ರೆ ನಾನೂ ದೂರು ಕೊಡ್ತೀನಿ," ಎಂದು ಅವನ ಮುಖದ ಮೇಲೆ ಬಾಗಿಲು ಹಾಕಿಕೊಂಡಳು.