ಹಲ್ಲಕ್ಕನ ಪುಟ್ಟ ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದು

ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳು ಕೆಲಸಕ್ಕೆ ಸೇರಿ ಬಹಳ ಕಾಲವಾಯಿತು. ಊರಿನ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಅವಳು ಜೋಡಿಸಿದ ಹಲ್ಲಿನಲ್ಲೇ ಅಗಿಯುತ್ತಾರೆ, ಅವಳು ಜೋಡಿಸಿದ ಹಲ್ಲಿನಲ್ಲೇ ಜಗಳವಾಡುತ್ತಾರೆ. ಹಾಗಾಗಿ ಎಲ್ಲರ ಬಾಯಲ್ಲೂ ಅವಳೇ. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ಹಲ್ಲಕ್ಕ ಅಂದರೆ ಸಾಕು.

ಇಂಥ ಹಲ್ಲಕ್ಕನಿಗೆ ಕಾರ್ ರೇಸಿನ ಹುಚ್ಚು ಹಿಡಿದದ್ದು ಕಾಲು ಉಳುಕಿದ್ದರಿಂದ. ಮೆಟ್ಟಿಲು ತಪ್ಪಿ ಬಿದ್ದು ಮನೆಯಲ್ಲೇ ಕುಳಿತಿದ್ದವಳನ್ನು ನೋಡಲು ಅವಳ ಅಕ್ಕನ ಗಂಡ ಬಂದಿದ್ದರು. ಭಾವ ಬಸ್ ಡ್ರೈವರ್. ಹಗಲೆಲ್ಲ ಐವತ್ತು ಜನರನ್ನು ಕೂರಿಸಿಕೊಂಡು ಮೊಟ್ಟೆ ಹೊತ್ತವರ ಹಾಗೆ ಬಸ್ ಓಡಿಸುವ ಮನುಷ್ಯ, ಮನೆಗೆ ಬಂದರೆ ಕಂಪ್ಯೂಟರಿನಲ್ಲಿ ರೇಸ್ ಕಾರನ್ನು ಗೋಡೆಗೆ ಗುದ್ದಿಸುವುದೇ ಕೆಲಸ. ಬೇಸರ ಕಳೆಯಲಿ ಎಂದು ಆ ಆಟವನ್ನು ಅವಳಿಗೂ ಹಾಕಿಕೊಟ್ಟು ಹೋದರು. ಕಾಲು ವಾಸಿಯಾಯಿತು, ಹುಚ್ಚು ವಾಸಿಯಾಗಲಿಲ್ಲ. ಈಗ ಇಬ್ಬರೂ ಒಂದೇ ತಂಡ. ಅವರು ಸೇರಿದ ಪಂದ್ಯಾವಳಿಯಲ್ಲಿ ಒಂದು ಕಾರಿಗೆ ಇಬ್ಬರು ಚಾಲಕರು. ಅರ್ಧ ಓಟ ಒಬ್ಬರದು, ಉಳಿದರ್ಧ ಇನ್ನೊಬ್ಬರದು. ಭಾವ ಅವರ ಊರಿನಲ್ಲಿ, ಇವಳು ಇಲ್ಲಿ, ನಡುವೆ ಮೈಕಿನಲ್ಲಿ ಮಾತು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಅತ್ತೆಗೆ ಮೊಣಕಾಲಿನ ಆಪರೇಷನ್ ಆಯಿತು. ಹಲ್ಲಕ್ಕನ ಗಂಡ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು, ತಿಂಗಳುಗಟ್ಟಲೆ ಸಮುದ್ರದ ಮೇಲೆ. ಅತ್ತೆ ಚೆನ್ನಾಗಿ ನಡೆಯುವ ತನಕ ಒಂದು ವಾರ ಮಗಳು, ಒಂದು ವಾರ ಸೊಸೆ ಬಂದಿರುವುದು ಎಂದು ತೀರ್ಮಾನವಾಯಿತು. ಮನೆಯಲ್ಲಿದ್ದ ಬೀರುವಿನಂಥ ಕಂಪ್ಯೂಟರನ್ನು ವಾರ ಬಿಟ್ಟು ವಾರ ಹೊತ್ತು ತಿರುಗಲು ಆಗುತ್ತದೆಯೇ? ಹಲ್ಲಕ್ಕ ಅದನ್ನು ಮಾರಿ, ಬಿಡಿಭಾಗ ತಂದು, ಪುಟ್ಟದೊಂದನ್ನು ತಾನೇ ಕಟ್ಟಿಕೊಂಡಳು. ಎರಡು ದಪ್ಪ ನಿಘಂಟುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದರೆ ಎಷ್ಟೋ ಅಷ್ಟೇ ಗಾತ್ರ. ಒಂದು ಬದಿಯಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಇನ್ನೊಂದು ಬದಿಯಲ್ಲಿ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್, ಎರಡೂ ಕಡೆ ಜಾಲರಿಯಂತೆ ತೂತು ಕೊರೆದ ಮುಚ್ಚಳ. ಊಟದ ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದರೆ ಪಕ್ಕದಲ್ಲಿ ಕುಳಿತವರಿಗೂ ಗೊತ್ತಾಗುತ್ತಿರಲಿಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಲ್ಯಾಬಿನಲ್ಲೆಲ್ಲ ಹೇಳಿಕೊಂಡು ಬಂದಳು.

ಅತ್ತೆಯ ಮನೆಯಲ್ಲಿ ಅದನ್ನು ಮೊದಲ ಸಲ ಹಚ್ಚಿದ ದಿನ ಆ ಕೀರ್ತಿ ಮನೆಯೆಲ್ಲ ಕೇಳಿಸಿತು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಗರಗರ ಎನ್ನುವ ತಂತಿಯಲ್ಲಿ ಊರೂರಿನ ಮಾತು ಹೆಕ್ಕಿ ತೆಗೆದವರು. ಅವರ ಮನೆಯಲ್ಲಿದ್ದದ್ದು ಒಂದೇ ಹಜಾರ. ಅದರ ಈ ಮೂಲೆಯಲ್ಲಿ ಸೊಸೆಯ ಮೇಜು, ಆ ಮೂಲೆಯಲ್ಲಿ ಅತ್ತೆಯ ಕುರ್ಚಿ, ಕುರ್ಚಿಯ ಪಕ್ಕ ರೇಡಿಯೋ. ಶನಿವಾರ ಸಂಜೆ ರೇಡಿಯೋದಲ್ಲಿ ಧಾರಾವಾಹಿ ನಾಟಕ. ಶನಿವಾರ ಸಂಜೆಯೇ ರೇಸು.

ಹಲ್ಲಕ್ಕ ಇನ್ನೂ ಅಭ್ಯಾಸದ ಎರಡನೇ ಸುತ್ತಿನಲ್ಲಿದ್ದಳು. ಪ್ರೊಸೆಸರಿನ ಜೊತೆಗೇ ಬಂದಿದ್ದ ಪುಟ್ಟ ಫ್ಯಾನು ಒಮ್ಮೆ ಕಿರುಚಿತು, ಇಳಿಯಿತು, ಮತ್ತೆ ಕಿರುಚಿತು.

"ಏನೇ ಅದು? ಮಿಕ್ಸಿ ಹಾಕಿದೀಯಾ?"

"ಕಂಪ್ಯೂಟರ್ ಅತ್ತೆ. ಬಿಸಿಯಾಗತ್ತಲ್ಲ, ಅದಕ್ಕೆ ಗಾಳಿ."

"ಗಾಳಿ ಬಿಡೋದಕ್ಕೆ ಇಷ್ಟು ಗೋಳಾಡಬೇಕಾ? ನಾಟಕದಲ್ಲಿ ಅವಳು ಗಂಡನಿಗೆ ಏನು ಹೇಳಿದಳು ಅಂತಲೇ ಕೇಳಿಸಲಿಲ್ಲ. ನೋಡು, ಒಂದೇ ಸಮ ಗುಂಯ್ ಅಂದ್ರೆ ಕಿವಿ ಮರೆತುಬಿಡತ್ತೆ. ಇದು ಏರಿ ಇಳಿದು ಮಾಡತ್ತೆ, ಮರೆಯೋಕೆ ಬಿಡಲ್ಲ. ಮುಂದಿನ ಸಲ ಬರೋವಾಗ ಇದರ ಬಾಯಿ ಮುಚ್ಚಿಸಿ ಕರ್ಕೊಂಡು ಬಾ. ಇಲ್ಲಾಂದ್ರೆ ನೀನೊಬ್ಬಳೇ ಬಾ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಲ್ಲಕ್ಕನೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅತ್ತೆ ಹೇಳಿದ್ದು ನಿಜ ಎಂಬುದೇ ಅವಳನ್ನು ಕೊರೆಯತೊಡಗಿತು. ಮುಂದಿನ ಸರದಿಯ ಶನಿವಾರವೇ ಪಂದ್ಯಾವಳಿಯ ಕೊನೆಯ ಓಟ.

ಸೋಮವಾರ ಕೆಲಸ ಮುಗಿದ ಕೂಡಲೇ ಕಂಪ್ಯೂಟರ್ ಬಿಡಿಭಾಗದ ಅಂಗಡಿಗೆ ಹೋದಳು. ಅಂಗಡಿಯವನು ಇವಳಿಗಿಂತ ಚಿಕ್ಕವನು, ಬಂದವರಿಗೆಲ್ಲ ದೊಡ್ಡದನ್ನೇ ತೋರಿಸುವ ಸ್ವಭಾವದವನು. ಮೊದಲು ನೀರು ಹರಿಸಿ ತಣ್ಣಗೆ ಮಾಡುವ ಕೂಲರ್ ತೆಗೆದಿಟ್ಟ. ಅದರ ರೇಡಿಯೇಟರ್ ಇವಳ ಕಂಪ್ಯೂಟರಿಗಿಂತ ಉದ್ದವಿತ್ತು.

"ಇದನ್ನ ಎಲ್ಲಿ ಇಡಲಿ, ತಲೆ ಮೇಲಾ?" ಎಂದಳು.

ಅವನು ನಕ್ಕು, ಗೋಪುರದ ಹಾಗೆ ನಿಲ್ಲುವ ಇನ್ನೊಂದನ್ನು ತೋರಿಸಿದ. ಅದಕ್ಕೆ ಮುಚ್ಚಳವನ್ನೇ ತೆಗೆದುಹಾಕಬೇಕಿತ್ತು. ಕೊನೆಗೆ ಅಂಗಡಿಯ ಒಳಗೆ ಹೋಗಿ ಕಪಾಟು ಕೆದಕಿ, ಚಪ್ಪಟೆಯಾದ ಎರಡು ಪೆಟ್ಟಿಗೆ ಹಿಡಿದುಕೊಂಡು ಬಂದ. ಒಂದರಲ್ಲಿ ಅಂಗೈಯಗಲದ ಕೂಲರ್, ಸಣ್ಣ ಫ್ಯಾನು. ಇನ್ನೊಂದರಲ್ಲಿ ಅದಕ್ಕಿಂತ ಬಹಳ ಅಗಲ. ತಾಮ್ರದ ಕೊಳವೆಗಳು ತಳದಿಂದ ಬಾಗಿ ಹೋಗಿ ತೆಳುವಾದ ಲೋಹದ ಪದರುಗಳ ಸಾಲಿನೊಳಗೆ ಸೇರಿಕೊಂಡಿದ್ದವು. ಅದರ ಮೇಲೆ ದಪ್ಪನೆಯ, ದೊಡ್ಡ ಫ್ಯಾನು.

"ದೊಡ್ಡ ಫ್ಯಾನು ನಿಧಾನಕ್ಕೆ ತಿರುಗಿದ್ರೂ ಸಾಕಷ್ಟು ಗಾಳಿ ಬರತ್ತೆ ಅಕ್ಕಾ. ಸಣ್ಣದು ಅಷ್ಟು ಗಾಳಿ ಕೊಡಬೇಕು ಅಂದ್ರೆ ಜೋರಾಗಿ ತಿರುಗಬೇಕು, ಆಗ ಕೂಗತ್ತೆ. ನಿಮಗೆ ಈ ಅಗಲದ್ದೇ ಸರಿ. ಆದ್ರೆ ನಿಮ್ಮ ಡಬ್ಬಿಯೊಳಗೆ ಕೂರತ್ತೋ ಇಲ್ವೋ, ಅದು ಮಾತ್ರ ಗೊತ್ತಿಲ್ಲ."

ಹಲ್ಲಕ್ಕ ಚೀಲದಿಂದ ಕಂಪ್ಯೂಟರನ್ನೂ ಒಂದು ತುಂಡು ಗುಲಾಬಿ ಮೇಣದ ಹಾಳೆಯನ್ನೂ ತೆಗೆದಳು. ಹಲ್ಲಿನ ಸೆಟ್ಟು ಮಾಡುವಾಗ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಜಾಗ ಎಷ್ಟಿದೆ ಎಂದು ಮೇಣ ಕಚ್ಚಿಸಿ ನೋಡುವುದು ರೂಢಿ. ಇಲ್ಲಿಯೂ ಹಾಗೆಯೇ ಮಾಡಿದಳು. ಹಳೆಯ ಕೂಲರ್ ಬಿಚ್ಚಿ, ಅಗಲದ ಕೂಲರನ್ನು ಪ್ರೊಸೆಸರಿನ ಮೇಲಿಟ್ಟು, ಅಂಗೈಯ ಬಿಸಿಗೆ ಮೆತ್ತಗಾದ ಮೇಣವನ್ನು ಫ್ಯಾನಿನ ಅಂಚಿಗೆ ಹಚ್ಚಿ, ಮುಚ್ಚಳ ಮುಚ್ಚಿ ತೆಗೆದಳು. ಮೇಣ ಕಾಗದದಷ್ಟು ತೆಳ್ಳಗಾಗಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ.

"ಕೂರತ್ತೆ. ಕೂದಲೆಳೆಯಷ್ಟು ಜಾಗ ಇದೆ."

ಅಂಗಡಿಯವನು ಮೇಣವನ್ನು ಬೆಳಕಿಗೆ ಹಿಡಿದು ನೋಡಿದ. ಅವನಿಗೂ ಹುರುಪು ಹತ್ತಿತು. "ತಗೊಂಡು ಹೋಗಿ ಅಕ್ಕಾ. ಗೀರು ಬೀಳಿಸಬೇಡಿ. ಸರಿ ಬರದಿದ್ರೆ ವಾಪಸ್ ತನ್ನಿ, ಸರಿ ಬಂದ್ರೆ ಹೇಗೆ ಬಂತು ಅಂತ ಬಂದು ಹೇಳಿ. ಇಷ್ಟು ಚಿಕ್ಕದಕ್ಕೆ ನಾನು ಯಾವತ್ತೂ ಹಾಕಿ ನೋಡಿಲ್ಲ."

ಮನೆಗೆ ಹೋಗುವ ತನಕ ತಾಳ್ಮೆ ಎಲ್ಲಿಂದ ಬರಬೇಕು. ಅತ್ತೆಯ ಮನೆ ದಾರಿಯಲ್ಲೇ ಇತ್ತು, ಹೇಗೂ ಪರೀಕ್ಷೆ ಮಾಡುವವರು ಅವರೇ. ಆ ವಾರದ ಸರದಿಗೆ ಬಂದಿದ್ದ ನಾದಿನಿ ಸಂಜೆಯ ಸಾಮಾನು ತರಲು ಹೊರಗೆ ಹೋಗಿದ್ದಳು. ಹಲ್ಲಕ್ಕ ಕೈತೊಳೆದು, ಶಾಖ ದಾಟಿಸಲು ಹಚ್ಚಿದ್ದ ಹಳೆಯ ಪೇಸ್ಟ್ ಒರೆಸಿ, ಪ್ರೊಸೆಸರಿನ ಮೇಲೆ ಬಟಾಣಿಯಷ್ಟು ಹೊಸ ಪೇಸ್ಟ್ ಇಟ್ಟು, ನಾಲ್ಕು ಮೂಲೆಯ ಸ್ಕ್ರೂಗಳನ್ನು ಓರೆಕೋರೆಯಾಗದಂತೆ ಒಂದಿಷ್ಟು ಇಲ್ಲಿ, ಒಂದಿಷ್ಟು ಅಲ್ಲಿ ಎಂದು ಬಿಗಿದಳು. ಆಟ ಶುರು ಮಾಡಿದಳು. ಎರಡೇ ತಿರುವು ದಾಟುವಷ್ಟರಲ್ಲಿ ಶಾಖದ ಅಂಕಿ ಏರುತ್ತಾ ಏರುತ್ತಾ ಕೆಂಪಾಯಿತು. ಹೊಸ ಫ್ಯಾನು ಹಳೆಯದಕ್ಕಿಂತ ಜೋರಾಗಿ ಬೊಬ್ಬೆ ಹೊಡೆಯಿತು. ತೆರೆಯ ಮೇಲೆ ಕಾರು ನಿಂತು ನಿಂತು ತಡವರಿಸಿತು.

ಅವಳು ಗಾಬರಿಯಿಂದ ಎಲ್ಲ ಆರಿಸಿದಳು. ಅತ್ತೆ ಕುರ್ಚಿಯಿಂದಲೇ ಕೇಳಿದರು, "ಹೊಸದಲ್ವಾ ಅದು? ಹೊಸ ಪಾತ್ರೆಗೆ ತಳದಲ್ಲಿ ಚೀಟಿ ಅಂಟಿಸಿರ್ತಾರೆ. ಕಿತ್ತಿದೀಯಾ?"

ಹಲ್ಲಕ್ಕ ಮೆಲ್ಲಗೆ ಕೂಲರ್ ಬಿಚ್ಚಿ ತಿರುಗಿಸಿದಳು. ನುಣ್ಣನೆಯ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಗೆಯೇ ಅಂಟಿಕೊಂಡಿತ್ತು. ಅದರ ಮೇಲೆ ದೊಡ್ಡಕ್ಷರದಲ್ಲಿ ಇದನ್ನು ತೆಗೆಯಿರಿ ಎಂದು ಬರೆದಿತ್ತು. ಅತ್ತೆ ನಕ್ಕ ನಗುವಿಗೆ ಮೊಣಕಾಲು ನೋಯಿತು. ನೋಯುತ್ತದೆ ಎನ್ನುತ್ತಲೇ ಇನ್ನಷ್ಟು ನಕ್ಕರು.

ಹಾಳೆ ಕಿತ್ತ ಮೇಲೆ ಆಟವೇ ಬೇರೆಯಾಯಿತು. ಮುಚ್ಚಳ ತೆಗೆದಿಟ್ಟು ಓಡಿಸಿದರೆ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಮೆತ್ತಗೆ. ಹಲ್ಲಕ್ಕನ ಎದೆ ಹಗುರಾಯಿತು. ಖುಷಿಯಿಂದ ಮುಚ್ಚಳ ಹಾಕಿದಳು. ಆಗ ಸುಂಯ್ ಎಂದು ಸಣ್ಣದೊಂದು ಸಿಳ್ಳೆ ಎದ್ದಿತು.

"ಇದು ಬೇರೆ ಸದ್ದು," ಎಂದರು ಅತ್ತೆ. ಈಗ ಅವರ ಮುಖದಲ್ಲೂ ಆಸಕ್ತಿ. "ತೆಗಿ. ಹ್ಞಾಂ, ಹೋಯ್ತು. ಹಾಕು. ಬಂತು. ಇನ್ನೊಂದ್ಸಲ ತೆಗಿ. ನಿನ್ನ ಫ್ಯಾನಿನದ್ದಲ್ಲ ಕಣೇ ತಪ್ಪು. ಕೆಲವರು ರಿಸೀವರನ್ನ ಬಾಯಿಗೆ ಒತ್ತಿಕೊಂಡು ಮಾತಾಡೋರು. ಉಸಿರೆಲ್ಲ ಆ ತೂತಿಗೆ ಬಡಿದು ಹೀಗೇ ಸುಂಯ್ ಅನ್ನೋದು. ಸ್ವಲ್ಪ ದೂರ ಹಿಡೀರಿ ಅಂದ್ರೆ ಸರಿಹೋಗ್ತಿತ್ತು."

ಹಲ್ಲಕ್ಕ ಮುಚ್ಚಳವನ್ನೂ ಫ್ಯಾನನ್ನೂ ನೋಡಿದಳು. ಕೂದಲೆಳೆಯಷ್ಟು ಜಾಗ ಎಂದು ಹಿಗ್ಗಿದ್ದಳಲ್ಲ, ತೊಂದರೆ ಇದ್ದದ್ದು ಅಲ್ಲೇ. ಫ್ಯಾನಿನ ಎಸಳುಗಳು ಜಾಲರಿಗೆ ಮೂಗು ತಾಗಿಸಿಕೊಂಡು ಗಾಳಿ ಎಳೆಯುತ್ತಿದ್ದವು.

ಆಮೇಲಿನ ದಿನಗಳಲ್ಲಿ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಗೆ ಓಡಿ, ಅದೇ ಅಗಲದ, ಆದರೆ ದಪ್ಪ ಕಡಿಮೆಯಿರುವ ಫ್ಯಾನು ಕೇಳಿದಳು. ತೆಳು ಫ್ಯಾನಿಗೆ ಶಕ್ತಿ ಕಡಿಮೆ ಎಂದು ಅಂಗಡಿಯವನು ಅನುಮಾನಿಸಿದ. "ಕಡಿಮೆ ಇರಲಿ, ಉಸಿರಾಡೋಕೆ ಜಾಗ ಸಿಗತ್ತಲ್ಲ," ಎಂದು ಹಲ್ಲಕ್ಕ ಕೊಂಡು ಬಂದಳು. ಅದನ್ನು ಹಾಕಿ ಮೇಣ ಇಟ್ಟು ನೋಡಿದರೆ ಮೇಲೆ ಬೆರಳಿನಗಲ ಜಾಗ. ಸಿಳ್ಳೆ ಮಾಯ. ಆದರೆ ಶಾಖ ಬೇಕಾದಷ್ಟು ಇಳಿಯಲಿಲ್ಲ. ಲೋಹದ ಪದರುಗಳಿಂದ ಹೊರಬಂದ ಬಿಸಿಗಾಳಿಯನ್ನೇ ಫ್ಯಾನು ಆ ಸಂದಿಯಿಂದ ಮತ್ತೆ ಎಳೆದುಕೊಳ್ಳುತ್ತಿದೆ ಎಂದು ಕೈಯಿಟ್ಟು ನೋಡಿದಾಗ ತಿಳಿಯಿತು. ಲ್ಯಾಬಿಗೆ ಬರುವ ಸಲಕರಣೆಗೆ ಸುತ್ತಿರುತ್ತಾರಲ್ಲ ಮೆತ್ತನೆಯ ಸ್ಪಂಜು, ಅದನ್ನು ಬಳೆಯಾಕಾರಕ್ಕೆ ಕತ್ತರಿಸಿ ಫ್ಯಾನಿನ ಅಂಚಿಗೂ ಮುಚ್ಚಳಕ್ಕೂ ನಡುವೆ ಕೂರಿಸಿದಳು. ಈಗ ಫ್ಯಾನಿಗೆ ಹೊರಗಿನ ತಂಪುಗಾಳಿ ಬಿಟ್ಟು ಬೇರೆ ಗತಿಯಿರಲಿಲ್ಲ. ಅಂಕಿ ಸರಸರ ಇಳಿಯಿತು.

ಏರಿಳಿಯುವ ಚಟವೊಂದು ಉಳಿದಿತ್ತು. ಅದನ್ನು ಬಿಡಿಸಿದ್ದು ಭಾವ. ಫೋನಿನಲ್ಲಿ ಎಲ್ಲ ಕೇಳಿ, "ಅಲ್ಲಮ್ಮಾ, ರಸ್ತೆ ಖಾಲಿ ಇದೆ ಅಂತ ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಬಸ್ಸು ಒಂಚೂರು ಬೇಗ ಮುಟ್ಟತ್ತೆ, ಡೀಸೆಲ್ ಮಾತ್ರ ಸಿಕ್ಕಾಪಟ್ಟೆ ಕುಡಿಯತ್ತೆ. ನಿನ್ನ ಪ್ರೊಸೆಸರಿಗೂ ಕರೆಂಟಿಗೊಂದು ಮಿತಿ ಹಾಕು," ಎಂದರು.

"ಇಷ್ಟು ಬುದ್ಧಿ ಇರೋರು ರೇಸಲ್ಲಿ ಯಾಕೆ ಗೋಡೆಗೆ ಗುದ್ದೋದು ಭಾವ?"

"ಬಸ್ಸಲ್ಲಿ ಗುದ್ದೋ ಹಾಗಿಲ್ವಲ್ಲಮ್ಮಾ."

ಮಿತಿ ಹಾಕಿದಳು. ಆಟದಲ್ಲಿ ಕಣ್ಣಿಗೆ ಕಾಣುವಂಥ ವ್ಯತ್ಯಾಸವೇ ಇಲ್ಲ, ಶಾಖ ಮಾತ್ರ ಇನ್ನೂ ಒಂದು ಮೆಟ್ಟಿಲು ಇಳಿಯಿತು. ಸಣ್ಣಪುಟ್ಟದಕ್ಕೆಲ್ಲ ಫ್ಯಾನು ಬೆಚ್ಚಿಬೀಳದೆ, ಬಿಸಿ ನಿಜಕ್ಕೂ ಇಳಿಯದೆ ಉಳಿದರೆ ಮಾತ್ರ ನಿಧಾನಕ್ಕೆ ವೇಗ ಹೆಚ್ಚಿಸುವಂತೆ ಅದರ ಲೆಕ್ಕವನ್ನೂ ಬದಲಿಸಿದಳು. ಇನ್ನೊಂದು ಬದಿಯ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು ಮೊದಲಿನಿಂದಲೂ ಸಾಧುಗಳು, ಅವುಗಳ ತಂಟೆಗೆ ಹೋಗಲಿಲ್ಲ.

ಸರದಿಯ ಶನಿವಾರ ಬಂತು. ಧಾರಾವಾಹಿಯದೂ ಅವತ್ತೇ ಕೊನೆಯ ಕಂತು. ಅತ್ತೆ ರೇಡಿಯೋದ ಪಕ್ಕ ಕಣ್ಣು ಮುಚ್ಚಿ ಕುಳಿತರು. ಹಲ್ಲಕ್ಕ ಅವರಿಗೆ ಬೆನ್ನು ಮಾಡಿ ಕುಳಿತು, ಹೆಡ್‌ಫೋನ್ ಹಾಕಿಕೊಂಡು, ಕಂಟ್ರೋಲರ್ ಹಿಡಿದು, ಹಸಿರು ದೀಪಕ್ಕೆ ಕಾದಳು. ಅತ್ತೆ ಯಾವಾಗ ಕೂಗಿಬಿಡುತ್ತಾರೋ ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು. ದೀಪ ಬಿತ್ತು. ಮೊದಲ ತಿರುವಿನಲ್ಲೇ ಮುಂದಿನ ಎರಡು ಕಾರುಗಳು ಒಂದಕ್ಕೊಂದು ಉಜ್ಜಿ ಹುಲ್ಲಿಗೆ ಹೋದವು. ಆ ಸಂದಿಯಲ್ಲಿ ಇವಳು ನುಗ್ಗಿದಳು. ಹನ್ನೊಂದನೆಯ ಜಾಗದಿಂದ ಒಂಬತ್ತು, ಒಂಬತ್ತರಿಂದ ಏಳು. ಭಾವ ಕಿವಿಯಲ್ಲಿ ಪಿಸುಗುಟ್ಟುತ್ತಲೇ ಇದ್ದರು, "ಒಳಗಿನಿಂದ ಹೋಗು, ಒಳಗಿನಿಂದ. ಬಿಡಬೇಡ." ಅವಳಿಗೆ ಮನೆ, ಅತ್ತೆ, ಫ್ಯಾನು ಎಲ್ಲ ಮರೆತುಹೋಯಿತು. ತನ್ನ ಪಾಲು ಮುಗಿಸಿ ಐದನೆಯ ಜಾಗದಲ್ಲಿ ಕಾರನ್ನು ಭಾವನಿಗೆ ಒಪ್ಪಿಸುವ ಹೊತ್ತಿಗೆ ಬೆನ್ನೆಲ್ಲ ಬೆವರು.

ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ರೇಡಿಯೋ ಆರಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ನಾಟಕ ಚೆನ್ನಾಗಿ ಮುಗಿದಿರಬೇಕು.

"ಮುಗೀತು ನಂದು," ಎಂದರು. "ಪಾಪ, ನನಗೋಸ್ಕರ ಕಾದುಕೊಂಡು ಕೂತಿದೀಯಾ. ಇನ್ನು ಶುರು ಮಾಡು."

ಹಲ್ಲಕ್ಕ ಅವರ ಕಡೆ ತಿರುಗಿದಳು. "ಅತ್ತೆ, ಶುರುವಾಗಿ ಅರ್ಧ ಮುಗೀತು," ಎಂದಳು.

ಅತ್ತೆ ಊರುಗೋಲು ಹಿಡಿದು ಎದ್ದು, ಹಜಾರ ದಾಟಿ ಬಂದು, ಆ ಪುಟ್ಟ ಡಬ್ಬಿಯ ಹತ್ತಿರ ಕಿವಿಯಿಟ್ಟರು. ಅದರ ಮೇಲೆ ಅಂಗೈ ಇಟ್ಟರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಕೈ ತಿರುಗಿಸಿಯೂ ಇಟ್ಟರು. "ಉಸಿರಾಡತ್ತೆ, ಅಷ್ಟೇ," ಎಂದರು. ಕುರ್ಚಿ ಎಳೆಸಿಕೊಂಡು ಅಲ್ಲೇ ಕುಳಿತರು.

ಉಳಿದರ್ಧವನ್ನು ಅತ್ತೆ ಸೊಸೆ ಜೊತೆಯಾಗಿ ನೋಡಿದರು. ಭಾವ ಅವತ್ತು ಒಂದೇ ಒಂದು ಸಲ ಗೋಡೆ ಸವರಿದರು. ನಾಲ್ಕನೆಯ ಜಾಗಕ್ಕೆ ಏರಿ, ಕೊನೆಯ ಸುತ್ತಿನಲ್ಲಿ ಮೂರನೆಯವನ ಬಾಲಕ್ಕೆ ಮೂತಿ ತಾಗುವಷ್ಟು ಹತ್ತಿರ ಹೋದರು. ಅತ್ತೆ ಊರುಗೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು. ಗೆರೆ ದಾಟಿದಾಗ ನಾಲ್ಕನೆಯವರೇ. ಆದರೆ ಆ ವರ್ಷವೆಲ್ಲ ಹತ್ತರ ಒಳಗೆ ಬಂದೇ ಇರದ ತಂಡ ಅದು. ಕಿವಿಯಲ್ಲಿ ಭಾವ ಹಾಡಲು ಶುರು ಮಾಡಿದ್ದರು, ಅವರ ಹಿಂದೆ ಅಕ್ಕ ಬೈಯುವುದೂ ಕೇಳಿಸುತ್ತಿತ್ತು. ಹಲ್ಲಕ್ಕ ನಗುತ್ತಾ ಅಳುತ್ತಾ ಇಬ್ಬರಿಗೂ ಉತ್ತರ ಕೊಟ್ಟಳು.

ಅಂಗಡಿಯವನಿಗೆ ಸೋಮವಾರ ಹೋಗಿ ಎಲ್ಲ ಹೇಳಬೇಕು ಎಂದುಕೊಳ್ಳುತ್ತಾ ಕಂಪ್ಯೂಟರ್ ಆರಿಸಲು ಕೈ ಚಾಚಿದಳು. ಅತ್ತೆ ತಡೆದರು. ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ನೋಡಿದರು. ಹೇಗೆ ಹಿಡಿಯಬೇಕೆಂದು ಸೊಸೆ ತೋರಿಸಿಕೊಟ್ಟಳು, ಎದುರಾಳಿಗಳಿಲ್ಲದ ಖಾಲಿ ರಸ್ತೆಯೊಂದನ್ನು ಹಾಕಿಕೊಟ್ಟಳು. ಅತ್ತೆ ಬೆರಳು ಪೂರ್ತಿ ಒತ್ತಿದರು. ಕಾರು ಬಾಣದಂತೆ ಹೋಗಿ ಮೊದಲನೇ ತಿರುವಿನ ಗೋಡೆಗೆ ನೇರ ಬಡಿಯಿತು.

ಅತ್ತೆ ಸ್ವಲ್ಪವೂ ಅಳುಕಲಿಲ್ಲ. "ಹಿಂದಕ್ಕೆ ಹೋಗೋದು ಯಾವುದೇ?" ಎಂದು ಕೇಳಿದರು.